ಸಾವಿರ ಫೋಟೋಗಳ ನಡುವೆ ನಮ್ಮೂರಿನ ನಲವತ್ತು: ಹುಡುಕಿ, ಎಣಿಸಿ, ಆಮೇಲೆ ಕಾಪಿ ಮಾಡಿ

ಪಾಡ್‌ಕಾಸ್ಟ್ ಮಾತಿನ ಪಠ್ಯರೂಪ. ಕಮಾಂಡುಗಳನ್ನು ಕಿವಿಗೆ ಕೇಳಿದ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಫೋನಿನಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಬರೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದೆ.

ಇವತ್ತು ಮಾತಾಡೋದು ಫೈಲ್ ಹುಡುಕೋದರ ಬಗ್ಗೆ. ಇದರಲ್ಲಿ ಏನಿದೆ ವಿಶೇಷ, ಮೇಲೆ ಸರ್ಚ್ ಬಾಕ್ಸ್ ಇದೆಯಲ್ಲ, ಅಂತ ನೀವು ಕೇಳಬಹುದು. ಇದೆ, ಸರಿ. ಆದರೆ ಆ ಸರ್ಚ್ ಬಾಕ್ಸಿಗೆ "2019ರ ಆಗಸ್ಟ್ ತಿಂಗಳ ಫೋಟೋ ಮಾತ್ರ ತೆಗಿ, ನಾಲ್ಕು ಮನೆಯ ಫೋಲ್ಡರುಗಳಿಂದಲೂ ತೆಗಿ, ಯಾರ ಮನೆಯದು ಅನ್ನೋದು ಕಳೆಯದ ಹಾಗೆ ಇನ್ನೊಂದು ಕಡೆ ಕಾಪಿ ಮಾಡು" ಅಂತ ಹೇಳಿ ನೋಡಿ. ಅದರ ಕೈಲಿ ಆಗಲ್ಲ. ಐವತ್ತು ವರ್ಷ ಹಳೆಯ ಪುಟ್ಟ ಪುಟ್ಟ ಕಮಾಂಡುಗಳಿಗೆ ಆಗುತ್ತೆ. ಅವು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಓಡುತ್ತವೆ.

ಉದಾಹರಣೆಗೆ ಒಂದು ಊರು ಇಟ್ಟುಕೊಳ್ಳೋಣ. ಹೆಮ್ಮಿಗೆ ಅಂತಲೇ ಇಟ್ಟುಕೊಳ್ಳೋಣ. ನಂಜನಗೂಡು, ತಿ. ನರಸೀಪುರದ ಸೀಮೆ ಅಂದ್ರೆ ಎರಡು ನದಿಗಳ ಸೀಮೆ. ನಂಜನಗೂಡಿನ ಪಕ್ಕ ಹರಿಯೋ ಕಪಿಲೆ ಕೆಳಗೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತೆ. ಮಳೆಗಾಲ ಜೋರಾದಾಗ ಕಬಿನಿ ಡ್ಯಾಮಿಂದ ಎಷ್ಟು ಕ್ಯೂಸೆಕ್ ಬಿಟ್ರು ಅನ್ನೋದು ಈ ಕಡೆ ದಿನಾ ಬೆಳಗ್ಗೆಯ ಮಾತು. 2018ರಲ್ಲೂ 2019ರಲ್ಲೂ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ, ಮೈಸೂರು–ನಂಜನಗೂಡು ಹೆದ್ದಾರಿ ಮೇಲೆ ನೀರು ನಿಂತು ಓಡಾಟವೇ ಬಂದ್ ಆಗಿತ್ತು.

ಈಗ ಹೀಗೆ ಅಂದುಕೊಳ್ಳಿ. ನದಿ ಹತ್ತಿರದ ಒಂದು ಬೀದಿಯವರು ಗ್ರಾಮಸಭೆಗೆ ಅರ್ಜಿ ಕೊಡಬೇಕು. ಚರಂಡಿ ಎತ್ತರ ಮಾಡಿಸಿ, ನೆರೆ ಬಂದಾಗ ನೀರು ಇಲ್ಲೀತನಕ ಬರುತ್ತೆ ಅಂತ. "ಇಲ್ಲೀತನಕ ಅಂದ್ರೆ ಎಲ್ಲೀತನಕ, ದಾಖಲೆ ಏನಿದೆ?" ಅಂತ ಮುಂದೆ ಕೂತವರು ಕೇಳೇ ಕೇಳ್ತಾರೆ. ದಾಖಲೆ ಎಲ್ಲಿದೆ? ನಾಲ್ಕು ಮನೆಯ ಹಳೇ ಫೋನುಗಳಲ್ಲಿ, ವಾಟ್ಸಾಪ್ ಫೋಲ್ಡರಿನಲ್ಲಿ, ಗುಡ್ ಮಾರ್ನಿಂಗ್ ಗುಲಾಬಿ ಹೂವುಗಳ ಮಧ್ಯೆ. "ನೀನು ಕಂಪ್ಯೂಟರ್ ಓದಿದ್ದೀಯಲ್ಲ, ಸ್ವಲ್ಪ ಹುಡುಕಿಕೊಡಪ್ಪಾ" ಅಂತ ಆ ಕೆಲಸ ಬೀಳೋದು ಮನೆಯ ಹುಡುಗ ಹುಡುಗಿಯರ ಮೇಲೇನೇ.

ಎಲ್ಲಾ ಕಾಪಿ ಮಾಡಿದ್ರೆ ಏನು ತೊಂದರೆ?

ಸುಲಭದ ದಾರಿ ಅಂದ್ರೆ ನಾಲ್ಕೂ ಫೋನಿನ ಪೂರ್ತಿ ಫೋಲ್ಡರ್ ಎತ್ತಿ ಪೆನ್‌ಡ್ರೈವಿಗೆ ಹಾಕಿ ಸೈಬರ್ ಸೆಂಟರಿಗೆ ಹೋಗೋದು. ದಯವಿಟ್ಟು ಅದನ್ನ ಮಾಡಬೇಡಿ. ಆ ಫೋಲ್ಡರಿನಲ್ಲಿ ನೆರೆ ಫೋಟೋ ಮಾತ್ರ ಇರಲ್ಲ. ಅಜ್ಜಿಯ ಆಧಾರ್ ಕಾರ್ಡ್ ಇರುತ್ತೆ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇರುತ್ತೆ, ಆಸ್ಪತ್ರೆ ಚೀಟಿ ಇರುತ್ತೆ, ಮನೆ ಹೆಣ್ಣುಮಕ್ಕಳ ಫೋಟೋ ಇರುತ್ತೆ. ಪಕ್ಕದ ಮನೆಯವರು ನಂಬಿ ಫೋನ್ ಕೊಟ್ಟಿರ್ತಾರೆ. ಬೇಕಾದ್ದನ್ನ ಮಾತ್ರ ತೆಗೆಯೋದು ಇಲ್ಲಿ ಆ ನಂಬಿಕೆ ಉಳಿಸಿಕೊಳ್ಳೋ ಕೆಲಸ ಕೂಡ.

ಹಾಗಾದ್ರೆ ಬೇಕಾದ್ದು ಮಾತ್ರ ತೆಗೆಯೋದು ಹೇಗೆ? ಕಣದಲ್ಲಿ ಭತ್ತ ಹೇಗೆ ಮಾಡ್ತಾರೋ ಹಾಗೆ. ತೂರೋದು ಒಂದು ಕೆಲಸ, ಜರಡಿ ಹಿಡಿಯೋದು ಒಂದು ಕೆಲಸ, ಮೂಟೆಗೆ ತುಂಬೋದು ಒಂದು ಕೆಲಸ. ಮೊರದಲ್ಲಿ ಮೂಟೆ ಹೊಲಿಯಲ್ಲ. ಕಮಾಂಡುಗಳೂ ಹಾಗೇ. ಒಂದು ಹುಡುಕುತ್ತೆ, ಒಂದು ಎಣಿಸುತ್ತೆ, ಒಂದು ಕಾಪಿ ಮಾಡುತ್ತೆ. ಒಂದರ ಕೆಲಸ ಇನ್ನೊಂದು ಮಾಡಲ್ಲ. ನಾವು ಅವನ್ನ ಜೋಡಿಸಬೇಕು.

ಜೋಡಿಸೋಕೆ ಬಳಸೋ ಚಿಹ್ನೆ ಒಂದು ನಿಂತ ಗೆರೆ. ಅದರ ಹೆಸರೇ ಪೈಪ್. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಇದ್ದ ಡಗ್ ಮೆಕಿಲ್ರಾಯ್ ಅನ್ನೋರು, ತೋಟಕ್ಕೆ ನೀರು ಬಿಡೋ ಪೈಪುಗಳನ್ನ ಒಂದಕ್ಕೊಂದು ಸಿಕ್ಕಿಸೋ ಹಾಗೆ ಪ್ರೋಗ್ರಾಮುಗಳನ್ನೂ ಸಿಕ್ಕಿಸೋಕೆ ಆಗಬೇಕು ಅಂತ 1964ರಲ್ಲೇ ಬರೆದಿದ್ರು. 1973ರಲ್ಲಿ ಅದೇ ಸಂಸ್ಥೆಯ ಕೆನ್ ಥಾಂಪ್ಸನ್ ಅದನ್ನ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿಗೆ ತಂದರು. ನಮ್ಮ ಕಡೆ ಮೋಟಾರಿಂದ ಗೇಟ್‌ವಾಲ್ವು, ಅಲ್ಲಿಂದ ಡ್ರಿಪ್ ಲೈನು ಅಂತ ಸಿಕ್ಕಿಸಲ್ವಾ? ಅದೇ ಲೆಕ್ಕ. ಇಲ್ಲಿ ಹರಿಯೋದು ಫೈಲುಗಳ ಹೆಸರು.

ಫೋನಿನಲ್ಲಿ ಟರ್ಮಿನಲ್

ಆಂಡ್ರಾಯ್ಡಿನಲ್ಲಿ ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಎಫ್-ಡ್ರಾಯಿಡ್ ಅನ್ನೋ ತಾಣದಿಂದ ಹಾಕಿಕೊಳ್ಳಿ. ತೆರೆದರೆ ಕಪ್ಪು ಪರದೆ, ಮಿನುಗೋ ಕರ್ಸರ್, ಅಷ್ಟೇ. ಗಾಬರಿ ಬೇಡ. ಮೊದಲು "ಟರ್ಮಕ್ಸ್-ಸೆಟಪ್-ಸ್ಟೋರೇಜ್" ಅಂತ ಟೈಪ್ ಮಾಡಿ. ಫೋನು ಅನುಮತಿ ಕೇಳುತ್ತೆ, ಕೊಡಿ. ಆಮೇಲೆ "ಸಿಡಿ ಸ್ಟೋರೇಜ್/ಶೇರ್ಡ್" ಅಂತ ಹೊಡೆದು ಎಂಟರ್ ಒತ್ತಿ. ಸಿಡಿ ಅಂದ್ರೆ ಆ ಫೋಲ್ಡರಿನ ಒಳಗೆ ಹೋಗು ಅಂತ. ಈಗ ನೀವು ನಿಂತಿರೋದು ನಿಮ್ಮ ಫೋನಿನ ಮಾಮೂಲಿ ಸ್ಟೋರೇಜಿನಲ್ಲಿ. ಫೈಲ್ ಮ್ಯಾನೇಜರ್ ತೆರೆದಾಗ ಕಾಣೋ ಫೋಲ್ಡರುಗಳೇ ಇಲ್ಲೂ ಇವೆ.

ಈ ಸಿಡಿ ಹೆಜ್ಜೆ ಬಿಡಬೇಡಿ. ಶೇರ್ಡ್ ಅನ್ನೋದು ನಿಜವಾದ ಫೋಲ್ಡರ್ ಅಲ್ಲ, ಫೋಲ್ಡರಿಗೆ ದಾರಿ ತೋರಿಸೋ ಬೋರ್ಡು. ಹೊರಗೇ ನಿಂತು ಅದರಲ್ಲಿ ಹುಡುಕು ಅಂದ್ರೆ, ಹುಡುಕೋ ಕಮಾಂಡು ಬೋರ್ಡನ್ನ ನೋಡಿ ವಾಪಸ್ ಬರುತ್ತೆ, ಒಳಗೆ ಹೋಗಲ್ಲ. ಏನೂ ಸಿಗಲ್ಲ.

ಇನ್ನು ನಮ್ಮ ಉದಾಹರಣೆಗೆ ಒಂದು ಫೋಲ್ಡರ್ ಮಾಡಿಕೊಳ್ಳಿ. ಹೆಸರು "ಊರು". ಹೌದು, ಕನ್ನಡದಲ್ಲೇ ಹೆಸರಿಡಬಹುದು. ಅದರ ಒಳಗೆ ಮನೆ1, ಮನೆ2, ಮನೆ3, ಮನೆ4. ಒಂದೊಂದು ಹಳೇ ಫೋನಿನ ಫೋಟೋ ಫೋಲ್ಡರ್ ಆಯಾ ಮನೆಯ ಒಳಗೆ. ಇದು ನಿಮ್ಮ ಕೈಯಲ್ಲೇ ಇರೋ ತಾತ್ಕಾಲಿಕ ರಾಶಿ. ಕೆಲಸ ಮುಗಿದ ಮೇಲೆ ಅಳಿಸಿಬಿಡೋದು. ಆರಿಸಿದ್ದನ್ನ ಹಾಕೋಕೆ ಇನ್ನೊಂದು ಫೋಲ್ಡರ್, ಹೆಸರು "ಅರ್ಜಿ". ಅದು ಊರು ಫೋಲ್ಡರಿನ ಹೊರಗಿರಲಿ. ಒಳಗಿದ್ದರೆ ಮುಂದಿನ ಸಲ ಹುಡುಕಿದಾಗ ಕಾಪಿ ಮಾಡಿದ್ದೇ ಮತ್ತೆ ಸಿಗುತ್ತೆ. ಒಕ್ಕಿದ ಭತ್ತವನ್ನ ಮತ್ತೆ ಕಣಕ್ಕೆ ಸುರಿದ ಹಾಗೆ.

ಮೊದಲು ನೋಡಿ

ಮೊದಲ ಕಮಾಂಡ್ ಫೈಂಡ್. ಎಫ್, ಐ, ಎನ್, ಡಿ. ಇದು ಫೈಲಿನ ಒಳಗೆ ಇಣುಕಲ್ಲ. ಹೆಸರು, ತಾರೀಕು, ಗಾತ್ರ ಇಂಥ ಹೊರಗಿನ ಗುರುತುಗಳಿಂದ ಹುಡುಕುತ್ತೆ. ನಮಗೆ ಅದು ಸಾಕು. ಯಾಕೆ ಅಂದ್ರೆ ಆಂಡ್ರಾಯ್ಡಿನ ವಾಟ್ಸಾಪ್ ಪ್ರತಿ ಫೋಟೋಗೂ ಹೆಸರಿನಲ್ಲೇ ತಾರೀಕು ಇಡುತ್ತೆ. ಐಎಂಜಿ, ಒಂದು ಅಡ್ಡಗೆರೆ, 20190810, ಇನ್ನೊಂದು ಅಡ್ಡಗೆರೆ, ಡಬ್ಲ್ಯುಎ0007. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಎಷ್ಟೋ ಫೋನುಗಳ ಕ್ಯಾಮೆರಾ ಕೂಡ ಹೆಸರಿನಲ್ಲಿ ಇದೇ ಥರ ತಾರೀಕು ಹಾಕುತ್ತೆ. ಹಾಗಾಗಿ 201908 ಅನ್ನೋ ಆರು ಅಂಕಿ ಹುಡುಕಿದ್ರೆ ಆ ಇಡೀ ಆಗಸ್ಟ್ ಸಿಕ್ಕಿತು.

ಕಮಾಂಡ್ ಹೀಗೆ:

ಫೈಂಡ್ ಊರು -ಟೈಪ್ ಎಫ್ -ಐನೇಮ್ '*201908*.ಜೆಪಿಜಿ'

ಬಿಡಿಸಿ ಹೇಳ್ತೀನಿ. ಫೈಂಡ್, ಹುಡುಕು. ಊರು, ಎಲ್ಲಿ ಹುಡುಕಬೇಕು ಅನ್ನೋದು. ಟೈಪ್ ಎಫ್, ಫೈಲ್ ಮಾತ್ರ ಸಾಕು, ಫೋಲ್ಡರ್ ಬೇಡ. ಐನೇಮ್, ಹೆಸರಿನಲ್ಲಿ ನೋಡು, ದೊಡ್ಡಕ್ಷರ ಚಿಕ್ಕಕ್ಷರ ಅಂತ ಭೇದ ಮಾಡಬೇಡ. ಕೆಲವು ಕ್ಯಾಮೆರಾಗಳು ಜೆಪಿಜಿ ಅನ್ನೋದನ್ನ ದೊಡ್ಡಕ್ಷರದಲ್ಲಿ ಬರೀತವೆ, ಅದಕ್ಕೆ. ನಕ್ಷತ್ರ ಚಿಹ್ನೆ ಅಂದ್ರೆ ಇಲ್ಲಿ ಏನು ಬೇಕಾದ್ರೂ ಇರಲಿ ಅಂತ. ಸುತ್ತ ಇರೋ ಒಂಟಿ ಕೊಟೇಶನ್ ಗುರುತು ಮರೀಬೇಡಿ. ಅದಿಲ್ಲದಿದ್ರೆ ನಕ್ಷತ್ರವನ್ನ ಫೈಂಡ್ ನೋಡೋಕೆ ಮೊದಲೇ ಟರ್ಮಿನಲ್ ತಾನೇ ಬಿಡಿಸೋಕೆ ಹೋಗುತ್ತೆ.

ಎಂಟರ್ ಒತ್ತಿದ್ರೆ ಒಂದು ಪಟ್ಟಿ ಬರುತ್ತೆ. ಯಾವ ಫೈಲೂ ಅಲುಗಾಡಿಲ್ಲ, ಬರೀ ಪಟ್ಟಿ. ಅದನ್ನ ಓದಿ. ಬೇಡದ್ದು ಬಂದಿದೆಯಾ? ಒಂದು ಮನೆಯ ಹೆಸರೇ ಕಾಣ್ತಿಲ್ವಾ? ಈ ನೋಡೋ ಹೆಜ್ಜೆಗೆ ಖರ್ಚಿಲ್ಲ, ಹತ್ತು ಸಲ ಮಾಡಿ.

ಆಮೇಲೆ ಎಣಿಸಿ. ಅದೇ ಸಾಲಿನ ಕೊನೆಗೆ ನಿಂತ ಗೆರೆ ಹಾಕಿ, ಡಬ್ಲ್ಯುಸಿ, ಜಾಗ ಬಿಟ್ಟು ಅಡ್ಡಗೆರೆ ಎಲ್ ಬರೆಯಿರಿ:

ಫೈಂಡ್ ಊರು -ಟೈಪ್ ಎಫ್ -ಐನೇಮ್ '*201908*.ಜೆಪಿಜಿ' | ಡಬ್ಲ್ಯುಸಿ -ಎಲ್

ಈಗ ಪಟ್ಟಿ ಬರಲ್ಲ, ಒಂದು ಅಂಕಿ ಬರುತ್ತೆ. 212 ಅಂತಲೇ ಇಟ್ಟುಕೊಳ್ಳಿ. ಫೈಂಡ್ ಕೊಟ್ಟ ಪಟ್ಟಿ ಪೈಪಿನಲ್ಲಿ ಹರಿದು ಎಣಿಸೋ ಕಮಾಂಡಿನ ಕೈಗೆ ಹೋಯ್ತು, ಅದು ಸಾಲು ಎಣಿಸಿತು. ಈ ಅಂಕಿಯನ್ನ ಒಂದು ಕಡೆ ಬರೆದಿಟ್ಟುಕೊಳ್ಳಿ. ಕೊನೆಗೆ ಬೇಕಾಗುತ್ತೆ.

ಆಮೇಲೆ ಕಾಪಿ

ಕಾಪಿ ಮಾಡೋ ಕಮಾಂಡು ಸಿಪಿ. ಆದರೆ ಸಿಪಿಗೆ ಒಂದು ಗುಣ ಇದೆ. ಪೈಪಿನಲ್ಲಿ ಹರಿದು ಬಂದ ಪಟ್ಟಿಯನ್ನ ಅದು ಓದಲ್ಲ. ಫೈಲುಗಳ ಹೆಸರನ್ನ ಅದರ ಪಕ್ಕದಲ್ಲೇ ಬರೆದು ಕೊಡಬೇಕು. 212 ಹೆಸರು ಯಾರು ಬರೀತಾರೆ? ಅದಕ್ಕೇ ಮಧ್ಯೆ ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಎಕ್ಸ್‌ಆರ್ಗ್ಸ್. ಎಕ್ಸ್, ಎ, ಆರ್, ಜಿ, ಎಸ್. ಪೈಪಿನಿಂದ ಬಂದ ಹೆಸರುಗಳನ್ನ ಎತ್ತಿ ಎತ್ತಿ ಸಿಪಿಯ ಪಕ್ಕಕ್ಕೆ ಜೋಡಿಸಿ ಕೊಡೋದು ಇದರ ಕೆಲಸ.

ಇಲ್ಲಿ ಎರಡು ಗುಂಡಿಗಳಿವೆ. ಎರಡೂ ವಾಟ್ಸಾಪ್ ಫೋಟೋಗಳಲ್ಲಿ ಖಂಡಿತ ಎದುರಾಗ್ತವೆ.

ಮೊದಲನೇ ಗುಂಡಿ, ಖಾಲಿ ಜಾಗ. ಫೋಲ್ಡರಿನ ಹೆಸರು "ವಾಟ್ಸಾಪ್ ಇಮೇಜಸ್". ಎರಡು ಪದ, ಮಧ್ಯೆ ಜಾಗ. ಮೇಸ್ತ್ರಿಗೆ ಜಾಗ ಕಂಡ್ರೆ ಅಲ್ಲಿಗೆ ಒಂದು ಹೆಸರು ಮುಗೀತು ಅನ್ನೋ ಲೆಕ್ಕ. "ವಾಟ್ಸಾಪ್" ಅಂತ ಒಂದು ಫೈಲು, "ಇಮೇಜಸ್" ಅಂತ ಇನ್ನೊಂದು ಅಂದುಕೊಂಡು, ಇಲ್ಲದ ಫೈಲು ಹುಡುಕೋಕೆ ಸಿಪಿಯನ್ನ ಕಳಿಸುತ್ತೆ. ಪರದೆ ತುಂಬ ದೂರು ಬರುತ್ತೆ. ಇದಕ್ಕೆ ಮದ್ದು ಸೊನ್ನೆ. ಫೈಂಡ್ ಕಡೆ "-ಪ್ರಿಂಟ್0", ಎಕ್ಸ್‌ಆರ್ಗ್ಸ್ ಕಡೆ "-0". ಇದರ ಅರ್ಥ, ಹೆಸರು ಹೆಸರಿನ ಮಧ್ಯೆ ಯಾವ ಫೈಲಿನ ಹೆಸರಲ್ಲೂ ಬರೋಕೆ ಸಾಧ್ಯವೇ ಇಲ್ಲದ ಒಂದು ಗುರುತು ಇಡು, ಈ ಕಡೆಯವನು ಅದೇ ಗುರುತು ನೋಡಿ ಬಿಡಿಸಿಕೊಳ್ಳಲಿ ಅಂತ. ಎರಡೂ ಕಡೆ ಹಾಕಬೇಕು. ಒಂದೇ ಕಡೆ ಹಾಕಿದ್ರೆ ಒಬ್ಬ ಕನ್ನಡ ಮಾತಾಡಿ ಇನ್ನೊಬ್ಬ ತಮಿಳು ಕೇಳಿಸಿಕೊಂಡ ಹಾಗೆ.

ಎರಡನೇ ಗುಂಡಿ ಇನ್ನೂ ಆಳ. ಒಂದೇ ಹೆಸರಿನ ಎರಡು ಫೋಟೋ. ವಾಟ್ಸಾಪ್ ನಂಬರ್ ಕೊಡೋದು ಆಯಾ ಫೋನಿನ ಒಳಗೆ, ದಿನ ದಿನಕ್ಕೆ ಮೊದಲಿಂದ. ಹಾಗಾಗಿ 2019ರ ಆಗಸ್ಟ್ 10ರ ಏಳನೇ ನಂಬರಿನ ಫೋಟೋ ಮನೆ1ರಲ್ಲೂ ಇರುತ್ತೆ, ಮನೆ3ರಲ್ಲೂ ಇರುತ್ತೆ. ಹೆಸರು ಒಂದೇ, ಫೋಟೋ ಬೇರೆ. ಒಂದರಲ್ಲಿ ಬಾಗಿಲ ಮೆಟ್ಟಿಲು ಮುಳುಗಿರೋದು, ಇನ್ನೊಂದರಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದ್ರೆ? ಒಂದೇ ಓಟದಲ್ಲಿ ಎರಡೂ ಬಂದ್ರೆ ಸಿಪಿ ಎರಡನೆಯದನ್ನ ಹಾಕಲ್ಲ ಅಂತ ಹೇಳಿ ಬಿಡುತ್ತೆ. ಬೇರೆ ಬೇರೆ ಓಟದಲ್ಲಿ ಬಂದ್ರೆ ಮೊದಲನೆಯದರ ಮೇಲೆ ಎರಡನೆಯದನ್ನ ಸದ್ದಿಲ್ಲದೆ ಬರೆಯುತ್ತೆ. ಹೇಗಾದ್ರೂ ಒಂದು ಫೋಟೋ ಬರಲ್ಲ. ಬರದೇ ಇರೋದು ಮೆಟ್ಟಿಲಿನದೇ ಆಗಿದ್ರೆ, ಉಳಿಯೋದು ಕೇಕು.

ಇದಕ್ಕೆ ಮದ್ದು "--ಪೇರೆಂಟ್ಸ್". ಎರಡು ಅಡ್ಡಗೆರೆ, ಆಮೇಲೆ ಪೇರೆಂಟ್ಸ್. ಫೈಲನ್ನ ಬರೀ ಎತ್ತಿಕೊಂಡು ಬರಬೇಡ, ಅದರ ಮನೆ ವಿಳಾಸದ ಸಮೇತ ತಾ ಅಂತ ಅರ್ಥ. ಅರ್ಜಿ ಫೋಲ್ಡರಿನ ಒಳಗೆ ಊರು, ಅದರ ಒಳಗೆ ಮನೆ1, ಮನೆ3 ಅಂತ ಅದೇ ಏರ್ಪಾಡು ತಾನಾಗೇ ಆಗುತ್ತೆ. ಡಿಕ್ಕಿ ಇಲ್ಲ. ಜೊತೆಗೆ ಯಾವ ಫೋಟೋ ಯಾರ ಮನೆಯದು ಅನ್ನೋದೂ ಉಳೀತು. "ಈ ಫೋಟೋ ಎಲ್ಲಿಂದ ಬಂತು?" ಅಂತ ಗ್ರಾಮಸಭೆಯಲ್ಲಿ ಕೇಳಿದ್ರೆ ಉತ್ತರ ಇದೆ.

ಪೂರ್ತಿ ಸಾಲು ಈಗ ಹೀಗಾಯ್ತು:

ಫೈಂಡ್ ಊರು -ಟೈಪ್ ಎಫ್ -ಐನೇಮ್ '*201908*.ಜೆಪಿಜಿ' -ಪ್ರಿಂಟ್0 | ಎಕ್ಸ್‌ಆರ್ಗ್ಸ್ -0 ಸಿಪಿ --ಪೇರೆಂಟ್ಸ್ -ಟಿ ಅರ್ಜಿ

ಕೊನೆಯ "-ಟಿ ಅರ್ಜಿ" ಅಂದ್ರೆ ಎಲ್ಲವನ್ನೂ ಅರ್ಜಿ ಅನ್ನೋ ಫೋಲ್ಡರಿಗೆ ಹಾಕು ಅಂತ. ಉದ್ದ ನೋಡಿ ಹೆದರಬೇಡಿ. ಎಡದಿಂದ ಓದಿ. ಹುಡುಕು, ಸುರಕ್ಷಿತವಾಗಿ ದಾಟಿಸು, ಜೋಡಿಸು, ವಿಳಾಸ ಸಮೇತ ಕಾಪಿ ಮಾಡು. ಅಷ್ಟೇ.

ಈಗ ಬರೆದಿಟ್ಟ ಅಂಕಿ ತೆಗೀರಿ. "ಫೈಂಡ್ ಅರ್ಜಿ -ಟೈಪ್ ಎಫ್ | ಡಬ್ಲ್ಯುಸಿ -ಎಲ್". ಇಲ್ಲೂ 212 ಬಂತಾ? ಹಾಗಾದ್ರೆ ಎಲ್ಲಾ ಬಂದಿದೆ. 209 ಬಂತಾ? ಮೂರು ಎಲ್ಲೋ ಬಿದ್ದಿವೆ, ಹುಡುಕಿ. ಲೆಕ್ಕ ಸರಿ ಬರೋ ತನಕ ಹಳೇ ಫೋನು ವಾಪಸ್ ಕೊಡಬೇಡಿ.

ಲ್ಯಾಪ್‌ಟಾಪ್ ಇರೋರಿಗೆ ಒಂದು ಮಾತು. ಲಿನಕ್ಸಿನಲ್ಲಿ ಇದೆಲ್ಲ ಹೀಗೇ ನಡೆಯುತ್ತೆ. ವಿಂಡೋಸಿನಲ್ಲಿ ಡಬ್ಲ್ಯುಎಸ್‌ಎಲ್ ಅನ್ನೋ ಸೌಲಭ್ಯ ಹಾಕಿಕೊಂಡ್ರೆ ನಡೆಯುತ್ತೆ. ಮ್ಯಾಕಿನ ಜೊತೆ ಬರೋ ಸಿಪಿಗೆ ಪೇರೆಂಟ್ಸ್ ಅನ್ನೋದು ಗೊತ್ತಿಲ್ಲ, ಅಲ್ಲಿ ಇದೇ ಸಾಲು ಓಡಲ್ಲ.

ಕಣ್ಣಿನ ಕೆಲಸ ಕಣ್ಣಿಗೇ

ಇಷ್ಟಾದ್ರೂ ಆ 212 ಫೋಟೋ ನಿಮ್ಮೂರಿನವೇ ಅಂತ ಕಮಾಂಡು ಹೇಳಿಲ್ಲ. ಹೆಸರಿನಲ್ಲಿ ಆಗಸ್ಟ್ ಇದೆ ಅಂತ ಮಾತ್ರ ಹೇಳಿದೆ. 2019ರ ಆಗಸ್ಟ್ ನೆನಪಿದೆಯಾ? ಬೆಳಗಾವಿ ಕಡೆ ನೆರೆ, ಕೊಡಗಿನಲ್ಲಿ ಭೂಕುಸಿತ, ಆ ಕಡೆ ಕೇರಳದಲ್ಲೂ ನೆರೆ. ಆ ಎಲ್ಲಾ ಊರಿನ ಫೋಟೋಗಳೂ ಫಾರ್ವರ್ಡ್ ಆಗಿ ನಮ್ಮ ಫೋನುಗಳಿಗೂ ಬಂದಿದ್ವು. ಹೆಸರಿನಲ್ಲಿರೋ ತಾರೀಕು ಫೋಟೋ ತೆಗೆದ ತಾರೀಕು ಅಲ್ಲ, ಅದು ಆ ಫೋನಿನ ವಾಟ್ಸಾಪ್ ಒಳಗೆ ಸೇರಿದ ತಾರೀಕು. ಬೆಳಗಾವಿಯ ಒಂದು ಫೋಟೋ ನಿಮ್ಮ ಬೀದಿಯದು ಅಂತ ಅರ್ಜಿಯ ಜೊತೆ ಹೋಗಿ ಯಾರಾದ್ರೂ ಗುರುತು ಹಿಡಿದ್ರೆ, ಉಳಿದ ನಿಜವಾದ ಫೋಟೋಗಳನ್ನೂ ಯಾರೂ ನಂಬಲ್ಲ.

ಇದಕ್ಕೆ ವಿಳಾಸ ಸಹಾಯ ಮಾಡುತ್ತೆ. ಕ್ಯಾಮೆರಾ ಫೋಲ್ಡರಿನಲ್ಲಿದ್ರೆ ಅದು ಆ ಫೋನಿನಲ್ಲೇ ತೆಗೆದ ಮೂಲ ಫೋಟೋ ಇರೋ ಸಾಧ್ಯತೆ ಹೆಚ್ಚು. "ಸೆಂಟ್" ಅನ್ನೋ ಒಳಫೋಲ್ಡರಿನಲ್ಲಿದ್ರೆ ಆ ಫೋನಿಂದ ಹೊರಗೆ ಕಳಿಸಿದ್ದು. ಬರೀ ವಾಟ್ಸಾಪ್ ಇಮೇಜಸ್‌ನಲ್ಲಿದ್ರೆ ಯಾರೋ ಕಳಿಸಿದ್ದು, ಎರಡು ಸಲ ನೋಡಿ. ಕ್ಯಾಮೆರಾದ ಮೂಲ ಫೋಟೋ ಸಿಕ್ಕಿದ್ರೆ ಅದನ್ನೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಥರ ಕಳಿಸಿದಾಗ, ತೆಗೆದ ಸಮಯ, ಜಾಗ ಇಂಥ ಒಳಗಿನ ಮಾಹಿತಿ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಥರ ಕಳಿಸಿದ್ರೆ ಉಳಿಯುತ್ತೆ. ಮನೆಯ ಹಿರಿಯರನ್ನ ಪಕ್ಕ ಕೂರಿಸಿಕೊಂಡು 212ನ್ನೂ ಒಂದೊಂದಾಗಿ ತೋರಿಸಿ. "ಇದು ನಮ್ಮ ಹಟ್ಟಿ ಗೋಡೆ ಕಣಪ್ಪಾ" ಅನ್ನೋದು ಯಾವ ಕಮಾಂಡಿಗೂ ಗೊತ್ತಾಗಲ್ಲ. ಕೊನೆಗೆ ನಲವತ್ತು ಉಳಿದ್ರೂ ಸಾಕು, ಆ ನಲವತ್ತು ಗಟ್ಟಿ.

ಫೈಲಿನ ಒಳಗೆ, ಕನ್ನಡದಲ್ಲಿ

ಫೋಟೋ ಆಯ್ತು. ಇನ್ನು ಬರಹ. ಹಿಂದೆ ಕೊಟ್ಟ ಮನವಿಗಳು, ಸಭೆಯ ಟಿಪ್ಪಣಿಗಳು "ಕಾಗದ" ಅನ್ನೋ ಫೋಲ್ಡರಿನಲ್ಲಿವೆ ಅಂದುಕೊಳ್ಳಿ. ಯಾವುದರ ಒಳಗೆ ನಮ್ಮೂರಿನ ಹೆಸರಿದೆ? ಇದಕ್ಕೆ ಗ್ರೆಪ್. ಜಿ, ಆರ್, ಇ, ಪಿ. ಇದು ಫೈಲಿನ ಒಳಗೆ ಇಣುಕಿ ನೋಡೋ ಕಮಾಂಡು. ಇದನ್ನ ಬರೆದೋರೂ ಅದೇ ಕೆನ್ ಥಾಂಪ್ಸನ್.

ಗ್ರೆಪ್ -ಆರ್ಎಲ್ 'ಹೆಮ್ಮಿಗೆ' ಕಾಗದ

ಆರ್ ಅಂದ್ರೆ ಒಳಫೋಲ್ಡರುಗಳಲ್ಲೂ ನೋಡು, ಎಲ್ ಅಂದ್ರೆ ಫೈಲಿನ ಹೆಸರು ಮಾತ್ರ ಕೊಡು. ಕನ್ನಡ ಪದವನ್ನ ಬೇರೆ ಕಡೆ ಟೈಪ್ ಮಾಡಿ ಟರ್ಮಕ್ಸಿಗೆ ಪೇಸ್ಟ್ ಮಾಡಬಹುದು. ಆ ಕಪ್ಪು ಪರದೆಯಲ್ಲಿ ಒತ್ತಕ್ಷರ ಒಡೆದ ಹಾಗೆ ಕಾಣಬಹುದು. ಕಾಣೋದು ಮಾತ್ರ ಹಾಗೆ, ಹುಡುಕಾಟ ಸರಿಯಾಗೇ ನಡೆಯುತ್ತೆ. ಕಾಪಿ ಮಾಡೋಕೆ "-ಆರ್ಎಲ್" ಜೊತೆ ಝಡ್ ಸೇರಿಸಿ. ಈ ಝಡ್ ದೊಡ್ಡಕ್ಷರ. ಫೈಂಡಿನ ಪ್ರಿಂಟ್0 ಮಾಡಿದ ಕೆಲಸವನ್ನೇ ಇದೂ ಮಾಡುತ್ತೆ. ಆಮೇಲಿನದು ನಿಮಗೆ ಗೊತ್ತಿರೋದೇ: ಪೈಪು, ಎಕ್ಸ್‌ಆರ್ಗ್ಸ್ -0, ಸಿಪಿ --ಪೇರೆಂಟ್ಸ್ -ಟಿ ಅರ್ಜಿ. ಹಿಂದಿನ ಅರ್ಧ ಬದಲಾಯ್ತು, ಮುಂದಿನ ಅರ್ಧ ಹಾಗೇ ಉಳೀತು. ಜೋಡಿಸೋದರ ಲಾಭ ಇದೇ.

ಆದರೆ ಕನ್ನಡದಲ್ಲಿ ಹುಡುಕುವಾಗ ನಮ್ಮ ಭಾಷೆಯ ಗುಣ ಗೊತ್ತಿರಬೇಕು. "ಹೆಮ್ಮಿಗೆ" ಪರದೆ ಮೇಲೆ ಮೂರಕ್ಷರ. ಯುನಿಕೋಡಿನಲ್ಲಿ ಅದು ಎಂಟು ಸಂಕೇತ: ಹ, ಎತ್ವ, ಮ, ಹಲಂತ, ಮ, ಗುಡಿಸು, ಗ, ಎತ್ವ. ಗ್ರೆಪ್ ನೋಡೋದು ಈ ಎಂಟನ್ನ. "ಹೆಮ್ಮಿಗೆಯ", "ಹೆಮ್ಮಿಗೆಯಲ್ಲಿ" ಎಲ್ಲದರಲ್ಲೂ ಈ ಎಂಟು ಹಾಗೇ ಇರ್ತವೆ, ಸಿಗ್ತವೆ. ಬೆಂಗಳೂರಿನ ಹೆಮ್ಮಿಗೆಪುರ ಕೂಡ ಸಿಗುತ್ತೆ, ಅದನ್ನ ಕೈಯಲ್ಲಿ ತೆಗೀಬೇಕು.

ಈಗ "ನಂಜನಗೂಡು" ಹುಡುಕಿ. "ನಂಜನಗೂಡಿನಲ್ಲಿ" ಅಂತ ಬರೆದಿರೋ ಫೈಲು ಸಿಗಲ್ಲ! ಯಾಕೆ? ವಿಭಕ್ತಿ ಸೇರಿದಾಗ ಕೊನೆಯ ಕೊಂಬು ಹೋಗಿ ಗುಡಿಸು ಬಂತು. ಹಾಗಾಗಿ "ನಂಜನಗೂಡ" ಅಂತ ಕೊಂಬು ಬಿಟ್ಟು ಹುಡುಕಿ, ಎರಡೂ ಸಿಗುತ್ತೆ. "ತಲಕಾಡು" ಬದಲು "ತಲಕಾಡ". ಇನ್ನು ನರಸೀಪುರ. ಕೆಲವರು ದೀರ್ಘ ಹಾಕ್ತಾರೆ, ಕೆಲವರು ನರಸಿಪುರ ಅಂತಾರೆ. ಅದಕ್ಕೆ 'ನರಸ.ಪುರ' ಅಂತ ಮಧ್ಯೆ ಒಂದು ಚುಕ್ಕಿ ಇಡಿ. ಚುಕ್ಕಿ ಅಂದ್ರೆ ಅಲ್ಲಿ ಯಾವುದಾದ್ರೂ ಒಂದು ಸಂಕೇತ ಇರಲಿ ಅಂತ. ಮುಂದೆ ತಿ. ಇರಲಿ, ಟಿ. ಇರಲಿ, ತಿರುಮಕೂಡಲು ಅಂತ ಪೂರ್ತಿ ಇರಲಿ, ಸಿಗುತ್ತೆ. ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ರಲ್ಲ, ಇಲ್ಲಿ ಬರುತ್ತೆ.

ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ. ಗ್ರೆಪ್ ಏನೂ ಕೊಡಲಿಲ್ಲ, ಪರದೆ ಖಾಲಿ. "ನಮ್ಮೂರಿನ ಬಗ್ಗೆ ಹಳೇ ಕಾಗದ ಯಾವುದೂ ಇಲ್ಲ" ಅಂತ ತೀರ್ಮಾನ ಮಾಡಬಹುದಾ? ಮಾಡಬಾರದು.

ಕರ್ನಾಟಕದಲ್ಲಿ ಎಷ್ಟೋ ವರ್ಷ ಕನ್ನಡ ಟೈಪ್ ಮಾಡಿದ್ದು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ. ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು, ಸರ್ಕಾರಿ ಕಚೇರಿಗಳಲ್ಲಿ ಬಳಕೆಯಾದದ್ದು ಅದೇ. ಆ ಫಾಂಟುಗಳಲ್ಲಿ ಬರೆದ ಫೈಲಿನ ಒಳಗೆ ಕನ್ನಡ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಭಾಷೆಗಳ ಚಿಹ್ನೆಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಚಿತ್ರ ಬಿಡಿಸ್ತಿತ್ತು, ಅಷ್ಟೇ. ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ನುಡಿಯ ಈಚಿನ ಆವೃತ್ತಿಗಳಲ್ಲೂ ಯುನಿಕೋಡ್ ಬಂದಿದೆ. ಆದರೆ ಹಳೇ ಫೈಲುಗಳು ಹಳೇ ಸಂಕೇತದಲ್ಲೇ ಇವೆ. ಅವುಗಳಲ್ಲಿ "ಹೆಮ್ಮಿಗೆ" ಅಂತ ನೂರು ಸಲ ಬರೆದಿದ್ರೂ ಗ್ರೆಪ್ಪಿಗೆ ಒಂದೂ ಕಾಣಲ್ಲ.

ಇಂಥ ಫೈಲು ಯಾವುವು ಅಂತ ಪತ್ತೆ ಹಚ್ಚೋಕೂ ಗ್ರೆಪ್ಪನ್ನೇ ಬಳಸಬಹುದು. ಎಲ್ ಅನ್ನ ದೊಡ್ಡಕ್ಷರ ಮಾಡಿ. ಚಿಕ್ಕ ಎಲ್ ಅಂದ್ರೆ ಇರೋ ಫೈಲು, ದೊಡ್ಡ ಎಲ್ ಅಂದ್ರೆ ಇಲ್ಲದ ಫೈಲು. ಹುಡುಕೋದು ಬರೀ 'ರ'. ನಾಲ್ಕು ಸಾಲಿನ ಕನ್ನಡದಲ್ಲಿ ಒಂದೂ 'ರ' ಇಲ್ಲದೆ ಇರೋದು ಬಹಳ ಅಪರೂಪ. ಕನ್ನಡದ ಕಾಗದ ಅಂತ ನಿಮಗೆ ಗೊತ್ತು, ಆದರೂ ಅದರಲ್ಲಿ 'ರ' ಇಲ್ಲ ಅಂತ ಗ್ರೆಪ್ ಹೇಳ್ತಿದೆ ಅಂದ್ರೆ ಅದು ಹಳೇ ಫಾಂಟಿನದು. ಇಲ್ಲಾ ವರ್ಡಿನ ಡಾಕ್ಸ್ ಫೈಲು. ಡಾಕ್ಸ್ ಅಂದ್ರೆ ಒಳಗೆ ಜಿಪ್ ಮಾಡಿದ ಗಂಟು, ಗ್ರೆಪ್ ಅದನ್ನ ಬಿಚ್ಚಲ್ಲ. ಇಲ್ಲಾ ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಬರಹದ ಫೋಟೋ, ಬರಹ ಅಲ್ಲ. ಈ ಮೂರನ್ನೂ ಬೇರೆ ಫೋಲ್ಡರಿಗೆ ಕಾಪಿ ಮಾಡಿ. ಹಳೇ ಫಾಂಟಿನವನ್ನ ಯುನಿಕೋಡಿಗೆ ಬದಲಿಸೋ ಉಚಿತ ಪರಿವರ್ತಕಗಳು ಇವೆ, ಅವುಗಳಲ್ಲಿ ಹಾಕಿ. ಮೂಲ ಫೈಲನ್ನ ಮಾತ್ರ ಅಳಿಸಬೇಡಿ, ಪರಿವರ್ತನೆಯಲ್ಲಿ ಒಂದೊಂದು ಒತ್ತಕ್ಷರ ತಪ್ಪೋದುಂಟು. ಡಾಕ್ಸ್ ಮತ್ತು ಸ್ಕ್ಯಾನ್ ಆದವನ್ನ ತೆರೆದು ಕಣ್ಣಲ್ಲೇ ಓದಿ.

ಊರಿನ ಹಳೇ ದಾಖಲೆ ಕಳೆದುಹೋಗೋದು ಬೆಂಕಿ, ಗೆದ್ದಲಿನಿಂದ ಮಾತ್ರ ಅಲ್ಲ. ಫೈಲು ಕಣ್ಣೆದುರೇ ಇದ್ದು, ಹುಡುಕಿದಾಗ ಸಿಗದೆ, ಕೊನೆಗೆ "ಇಲ್ಲ" ಅಂತ ಬರೆಸಿಕೊಂಡುಬಿಡುತ್ತೆ.

ಹಾಗಾಗಿ ಕ್ರಮ ಇಷ್ಟು. ಮೊದಲು ಪಟ್ಟಿ ನೋಡಿ. ಎಣಿಸಿ. ಖಾಲಿ ಜಾಗಕ್ಕೆ ಸೊನ್ನೆ, ಒಂದೇ ಹೆಸರಿಗೆ ಪೇರೆಂಟ್ಸ್ ಹಾಕಿ ಕಾಪಿ ಮಾಡಿ. ಮತ್ತೆ ಎಣಿಸಿ. ಸಿಗದಿದ್ರೆ ಯಾಕೆ ಸಿಗಲಿಲ್ಲ ಅಂತ ಕೇಳಿ. ಕೊನೆಗೆ ಊರು ಫೋಲ್ಡರನ್ನ ನಿಮ್ಮ ಫೋನಿಂದ ಅಳಿಸಿ, ಅವರವರ ಫೋನು ಅವರವರಿಗೆ ತಲುಪಿಸಿ.

ಈ ವಾರ ಒಂದು ಸಣ್ಣ ಅಭ್ಯಾಸ ಮಾಡಿ. ನಿಮ್ಮ ಫೋನಿನಲ್ಲೇ, ನಿಮ್ಮೂರಿನಲ್ಲಿ ಜೋರು ಮಳೆ ಬಂದ ಯಾವುದಾದ್ರೂ ಒಂದು ತಿಂಗಳಿನ ಆರು ಅಂಕಿ ಹಾಕಿ ಫೈಂಡ್ ಓಡಿಸಿ. ಕಾಪಿ ಬೇಡ, ಬರೀ ಪಟ್ಟಿ ನೋಡಿ. ಎಷ್ಟು ಬಂತು, ಯಾವ ಫೋಲ್ಡರಿನಿಂದ ಬಂತು ಅಂತ ನೋಡಿದ್ರೆ ಅರ್ಧ ಪಾಠ ಅಲ್ಲೇ ಆಗಿರುತ್ತೆ.